ಅಪ್ಪನ ಕಂದಾಯದ ಲೆಕ್ಕಕ್ಕೆ ಯಂತ್ರ ಕಟ್ಟಿದ ಹುಡುಗ ಬ್ಲೇಸ್ ಪ್ಯಾಸ್ಕಲ್

ಪರಶುರಾಂಪುರ: ನಮ್ಮ ಹೋಬಳಿಯಲ್ಲಿ ಎಂಬತ್ತು ದಾಟಿದ ಹಿರಿಯರು ಯಾರಾದ್ರೂ ಸಿಕ್ಕರೆ ರೂಪಾಯಿ-ಆಣೆ-ಪೈ ಲೆಕ್ಕದ ಬಗ್ಗೆ ಕೇಳಿ ನೋಡಿ. ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಕೂಡುವಾಗ ಪೈ ಸಾಲಿನಲ್ಲಿ ಹನ್ನೆರಡು ತುಂಬಿದರೆ ಆಣೆಗೆ ಒಂದು ದಶಕ, ಆಣೆ ಸಾಲಿನಲ್ಲಿ ಹದಿನಾರು ತುಂಬಿದರೆ ರೂಪಾಯಿಗೆ ಒಂದು ದಶಕ. ಒಂದು ಕಡೆ ತಪ್ಪಿದರೆ ಪುಟವೆಲ್ಲ ತಪ್ಪು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದ ಮೇಲೆ ಆ ಕಾಟ ತಪ್ಪಿತು. ಶೇಂಗಾ ವ್ಯಾಪಾರದವರ ಹಳೆ ಕಿರ್ದಿ ಪುಸ್ತಕ ಯಾರ ಮನೆಯಲ್ಲಾದ್ರೂ ಉಳಿದಿದ್ದರೆ ಆ ಮೂರು ಸಾಲಿನ ಲೆಕ್ಕ ಈಗಲೂ ನೋಡಬಹುದು.

ಇಂಥದ್ದೇ ಮೂರು ಸಾಲಿನ ಲೆಕ್ಕ ಸುಮಾರು 380 ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಒಂದು ಮನೆಯಲ್ಲಿ ನಿದ್ದೆ ಕೆಡಿಸಿತ್ತು. ತಂದೆ ತೆರಿಗೆ ಅಧಿಕಾರಿ. ಮಗನಿಗೆ ಇನ್ನೂ ಹತ್ತೊಂಬತ್ತು. ತಂದೆಯ ರಾತ್ರಿಗಳನ್ನ ಉಳಿಸಬೇಕು ಅಂತ ಮಗ ಹಲ್ಲುಚಕ್ರಗಳ ಒಂದು ಪೆಟ್ಟಿಗೆ ಕಟ್ಟಲು ಕೂತ. ಆ ಮಗನೇ ಬ್ಲೇಸ್ ಪ್ಯಾಸ್ಕಲ್. ಇವತ್ತು ಕಂಪ್ಯೂಟರ್ ಕಲಿಯೋ ಮಕ್ಕಳಿಗೆ ಆತನ ಹೆಸರಿನಲ್ಲೇ ಒಂದು ಭಾಷೆ ಇದೆ. ಆ ಭಾಷೆಯಲ್ಲಿ ಪ್ರೋಗ್ರಾಂ ಬರೆಯೋ ಸಾಧನಗಳು ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತವೆ. ಆದರೆ ಆತ ಕಟ್ಟಿದ ಯಂತ್ರ ಸೋತದ್ದು ಅದರ ಬೆಲೆಯಿಂದಲೇ. ಆತನ ಬದುಕನ್ನ ಹೇಳುವಾಗ ಈ ಎರಡು ಮಾತನ್ನೂ ಜೊತೆಯಲ್ಲೇ ಹೇಳಬೇಕು.

ತಾಯಿಯಿಲ್ಲದ ಮನೆ

ಪ್ಯಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸ್‌ನ ಕ್ಲೆರ್ಮೋಂ ಊರಿನಲ್ಲಿ. ತಂದೆ ಎಟಿಯೆನ್ ಪ್ಯಾಸ್ಕಲ್ ಅಲ್ಲಿನ ತೆರಿಗೆ ನ್ಯಾಯಾಲಯದಲ್ಲಿ ಅಧಿಕಾರಿ, ಗಣಿತದಲ್ಲೂ ಗಟ್ಟಿಗ. ತಾಯಿ ಆಂಟ್ವನೆಟ್ ತೀರಿಹೋದಾಗ ಹುಡುಗನಿಗೆ ಮೂರೇ ವರ್ಷ. ಅಕ್ಕ ಜಿಲ್ಬರ್ಟ್, ತಂಗಿ ಜಾಕ್ಲಿನ್. ತಂದೆ ಮತ್ತೆ ಮದುವೆಯಾಗಲಿಲ್ಲ. 1631ರಲ್ಲಿ ಮೂರು ಮಕ್ಕಳನ್ನ ಕರೆದುಕೊಂಡು ಪ್ಯಾರಿಸ್‌ಗೆ ಹೋದರು. ಮಗನನ್ನ ಶಾಲೆಗೆ ಹಾಕದೆ ಮನೆಯಲ್ಲೇ ಪಾಠ ಹೇಳಿದರು.

ಆ ಪಾಠದಲ್ಲಿ ಒಂದು ವಿಚಿತ್ರ ಇತ್ತು. ಗಣಿತದ ರುಚಿ ಹತ್ತಿದರೆ ಹುಡುಗ ಲ್ಯಾಟಿನ್, ಗ್ರೀಕ್ ಬಿಟ್ಟುಬಿಡ್ತಾನೆ ಅಂತ ತಂದೆ ಗಣಿತದ ಪುಸ್ತಕಗಳನ್ನೇ ಬಚ್ಚಿಟ್ಟಿದ್ದರು. ಬಚ್ಚಿಟ್ಟದ್ದರ ಮೇಲೇ ಮಕ್ಕಳ ಕಣ್ಣು ಅಲ್ವಾ? ಹನ್ನೆರಡನೇ ವಯಸ್ಸಿಗೆ ಹುಡುಗ ನೆಲದ ಮೇಲೆ ಇದ್ದಿಲಲ್ಲಿ ಗೆರೆ ಎಳೆಯುತ್ತ, ತ್ರಿಕೋನದ ಮೂರು ಕೋನ ಕೂಡಿದರೆ ಎರಡು ಲಂಬಕೋನ ಆಗುತ್ತೆ ಅನ್ನೋದನ್ನ ತಾನೇ ಕಂಡುಕೊಂಡ ಅಂತ ಅಕ್ಕ ಜಿಲ್ಬರ್ಟ್ ಬರೆದಿಟ್ಟಿದ್ದಾಳೆ. ತಂದೆ ಅವತ್ತೇ ಸೋತರು, ಯೂಕ್ಲಿಡ್‌ನ ಪುಸ್ತಕ ಮಗನ ಕೈಗೆ ಬಂತು. 1640ರಲ್ಲಿ, ಇನ್ನೂ ಹದಿನೇಳು ತುಂಬೋ ಮೊದಲೇ, ಶಂಕುವಿನ ಛೇದಗಳ ಮೇಲೆ ಆತನ ಒಂದು ಚಿಕ್ಕ ಬರಹ ಅಚ್ಚಾಯಿತು. ಇಷ್ಟು ಚಿಕ್ಕ ಹುಡುಗನ ಕೆಲಸ ಇದು ಅಂತ ನಂಬೋಕೆ ದೊಡ್ಡ ಪಂಡಿತ ಡೆಕಾರ್ಟೆಗೇ ಕಷ್ಟವಾಯಿತು.

ಬರಿಗಾಲ ರೈತರ ನಾಡಿಗೆ

1639ರಲ್ಲಿ ಫ್ರಾನ್ಸ್‌ನ ನಾರ್ಮಂಡಿ ಸೀಮೆಯಲ್ಲಿ ರೈತರು ತೆರಿಗೆ ವಿರುದ್ಧ ದಂಗೆ ಎದ್ದರು. ಅದಕ್ಕೆ ಕಿಡಿ ಹಚ್ಚಿದ್ದು ಉಪ್ಪಿನ ತೆರಿಗೆ. ಉಪ್ಪಿನ ತೆರಿಗೆ ಅಂದ ಕೂಡ್ಲೇ ನಮಗೆ ದಂಡಿ ನೆನಪಾಗುತ್ತೆ. ಅವರಿಗೆ ನೆನಪಾಗೋದು ಬರಿಗಾಲಿನವರ ದಂಗೆ. ಸರ್ಕಾರ ಸೈನ್ಯ ಕಳಿಸಿ ದಂಗೆ ಅಡಗಿಸಿತು. ಆ ಹೊತ್ತಿನಲ್ಲೇ ಎಟಿಯೆನ್ ಪ್ಯಾಸ್ಕಲ್ ಅವರನ್ನ ರುವಾಂ ಪಟ್ಟಣಕ್ಕೆ ತೆರಿಗೆ ಹಂಚಿಕೆಯ ಅಧಿಕಾರಿಯಾಗಿ ಹಾಕಿದರು. ಯಾವ ಊರಿಗೆ ಎಷ್ಟು ಕಂದಾಯ ಅಂತ ಕೂಡಿ ಕಳೆದು ಹಂಚೋದು ಕೆಲಸ. ಕೆಲಸ ಮುಗಿಯೋ ಹೊತ್ತಿಗೆ ನಡುರಾತ್ರಿ ಕಳೆದಿರೋದು.

ದುಡ್ಡಿನ ಲೆಕ್ಕವೂ ಸುಲಭದ್ದಲ್ಲ. ಹನ್ನೆರಡು ಡೆನಿಯೆಗೆ ಒಂದು ಸೋಲ್, ಇಪ್ಪತ್ತು ಸೋಲ್‌ಗೆ ಒಂದು ಲೀವ್ರ. ನಮ್ಮ ಪೈ, ಆಣೆ, ರೂಪಾಯಿಯ ಅಣ್ಣತಮ್ಮ ಅನ್ನಿ. ಲೆಕ್ಕಕ್ಕೆ ಕೈಜೋಡಿಸಿದ ಮಗನಿಗೆ ಒಂದು ವಿಷಯ ಹೊಳೆಯಿತು. ಇದರಲ್ಲಿ ಬುದ್ಧಿಗಿಂತ ತಾಳ್ಮೆ ಹೆಚ್ಚು ಬೇಕು. ತಾಳ್ಮೆಯ ಕೆಲಸ ಚಕ್ರಕ್ಕೆ ಕೊಡಬಹುದು.

1642ರಲ್ಲಿ ಶುರುವಾದ ಕೆಲಸ 1645ರ ಹೊತ್ತಿಗೆ ಒಂದು ರೂಪಕ್ಕೆ ಬಂತು. ನಡುವೆ ಆತ ಮಾಡಿ ಬಿಸಾಕಿದ ಮಾದರಿಗಳೇ ಐವತ್ತರ ಹತ್ತಿರ. ಹಿತ್ತಾಳೆಯ ಉದ್ದನೆ ಪೆಟ್ಟಿಗೆ. ಮೇಲೆ ಸಾಲಾಗಿ ಚಕ್ರಗಳು, ಪ್ರತಿ ಚಕ್ರದ ತಲೆ ಮೇಲೆ ಒಂದು ಕಿಂಡಿ. ಹಳೆ ಕಾಲದ ಲ್ಯಾಂಡ್‌ಲೈನ್ ಫೋನಿನ ನಂಬರ್ ತಿರುಗಿಸಿದ ಹಾಗೆ ಕಡ್ಡಿ ಇಟ್ಟು ಚಕ್ರ ತಿರುಗಿಸಿದರೆ ಕಿಂಡಿಯಲ್ಲಿ ಅಂಕಿ ಬದಲಾಗುತ್ತೆ. ಡೆನಿಯೆ ಚಕ್ರಕ್ಕೆ 12 ಮನೆ, ಸೋಲ್ ಚಕ್ರಕ್ಕೆ 20, ಲೀವ್ರದ ಚಕ್ರಗಳಿಗೆ 10.

ನಿಜವಾದ ಜಾಣತನ ಇರೋದು ದಶಕ ದಾಟಿಸೋದ್ರಲ್ಲಿ. ಒಂದು ಚಕ್ರ ತುಂಬಿದಾಗ ಪಕ್ಕದ ಚಕ್ರ ಒಂದು ಮನೆ ಸರೀಬೇಕು. ಹಲ್ಲಿಗೆ ಹಲ್ಲು ಕೊಟ್ಟು ಜೋಡಿಸಿದರೆ, 9999ಕ್ಕೆ ಒಂದು ಕೂಡಿದಾಗ ಎಲ್ಲಾ ಚಕ್ರವನ್ನ ಒಟ್ಟಿಗೆ ತಳ್ಳುವಷ್ಟು ಬಲ ಬೆರಳಿಗೆ ಬೇಕಾಗುತ್ತೆ. ಪ್ಯಾಸ್ಕಲ್ ಇದಕ್ಕೆ ಒಂದು ಚಿಕ್ಕ ತೂಕದ ಉಪಾಯ ಮಾಡಿದ. ಚಕ್ರ ತಿರುಗುತ್ತ ಹೋದ ಹಾಗೆ ತೂಕ ನಿಧಾನಕ್ಕೆ ಮೇಲೇಳುತ್ತೆ. ಚಕ್ರ ತುಂಬಿದ ಕೂಡ್ಲೇ ತೂಕ ದಪ್ಪನೆ ಬಿದ್ದು ಪಕ್ಕದ ಚಕ್ರವನ್ನ ಒಂದು ಮನೆ ಒದೆಯುತ್ತೆ. ಪ್ರತಿ ಚಕ್ರದ ಕೆಲಸ ಅದರದ್ದೇ ತೂಕದ್ದು, ಬೆರಳಿನದ್ದಲ್ಲ. ಚಕ್ರ ಹಿಂದಕ್ಕೆ ತಿರುಗೋದಿಲ್ಲ ಅನ್ನೋದೊಂದು ತೊಡಕು. ಹಾಗಾಗಿ ಕಳೆಯೋದನ್ನೂ ಕೂಡೋ ದಾರಿಯಲ್ಲೇ ಮಾಡಬೇಕು. ಒಂಬತ್ತರಿಂದ ಅಂಕಿಯನ್ನ ಕಳೆದು ಉಳಿದದ್ದನ್ನ ತೋರಿಸೋ ಇನ್ನೊಂದು ಸಾಲು ಅದಕ್ಕಾಗಿಯೇ ಇತ್ತು. ಇವತ್ತಿನ ಕಂಪ್ಯೂಟರ್ ಕೂಡ ಕಳೆಯೋದನ್ನ ಇದೇ ಜಾತಿಯ ಉಪಾಯದಿಂದ ಕೂಡೋದಾಗಿ ಮಾಡಿಕೊಳ್ಳುತ್ತೆ.

ಜಗತ್ತಿನಲ್ಲಿ ಮೊದಲು ಯೋಚಿಸಿದ್ದು ಈತನೇ ಅಂತ ಹೇಳೋ ಹಾಗಿಲ್ಲ. ಪ್ಯಾಸ್ಕಲ್ ಹುಟ್ಟಿದ 1623ರಲ್ಲೇ ಜರ್ಮನಿಯ ಷಿಕಾರ್ಡ್ ಅನ್ನೋರು ಇಂಥ ಯಂತ್ರದ ಬಗ್ಗೆ ಕೆಪ್ಲರ್‌ಗೆ ಪತ್ರ ಬರೆದಿದ್ದರು. ಆ ಯಂತ್ರ ಉಳಿಯಲಿಲ್ಲ. ಪ್ಯಾಸ್ಕಲ್‌ನ ಯಂತ್ರಗಳಲ್ಲಿ ಎಂಟೊಂಬತ್ತು ಇಂದಿಗೂ ಉಳಿದಿವೆ, ಹೆಚ್ಚಿನವು ಯುರೋಪಿನ ಮ್ಯೂಸಿಯಂಗಳಲ್ಲಿ.

ನೂರು ಲೀವ್ರದ ಪೆಟ್ಟಿಗೆ

1649ರಲ್ಲಿ ರಾಜನ ಅಪ್ಪಣೆಯೂ ಸಿಕ್ಕಿತು. ಪ್ಯಾಸ್ಕಲ್ ಬಿಟ್ಟು ಬೇರೆ ಯಾರೂ ಅನುಮತಿಯಿಲ್ಲದೆ ಅಂಥ ಯಂತ್ರ ಮಾಡೋ ಹಾಗಿಲ್ಲ. ರುವಾಂನ ಗಡಿಯಾರ ಕೆಲಸದವನೊಬ್ಬ ಮೊದಲೇ ಒಂದು ನಕಲು ಮಾಡಿದ್ದ. ನೋಡೋಕೆ ಚಂದ, ಒಳಗೆ ಲೆಕ್ಕ ಬರ್ತಿರಲಿಲ್ಲ. ಅದನ್ನ ಕಂಡ ಹುಡುಗ ಎಷ್ಟು ಕೆರಳಿದ ಅಂದ್ರೆ ಇದ್ದ ಕೆಲಸಗಾರರನ್ನೂ ಕಳಿಸಿ ಕೆಲಸ ನಿಲ್ಲಿಸಿದ್ದ. ಆಮೇಲೆ ದೊಡ್ಡವರು ಧೈರ್ಯ ಹೇಳಿ ಮತ್ತೆ ಶುರು ಮಾಡಿಸಿದರು.

ಅಪ್ಪಣೆ ಸಿಕ್ಕರೂ ಗಿರಾಕಿ ಸಿಗಲಿಲ್ಲ. ಪೆಟ್ಟಿಗೆಯ ಬೆಲೆ 100 ಲೀವ್ರ. ಕೂಲಿಯವನ ತಿಂಗಳುಗಟ್ಟಲೆ ದುಡಿಮೆ ಅದು. ಮಂತ್ರಿಗೊಂದು, ಸ್ವೀಡನ್ ರಾಣಿ ಕ್ರಿಸ್ಟಿನಾಗೊಂದು ಹೀಗೆ ದೊಡ್ಡ ಮನೆಗಳಿಗೆ ಹೋಯಿತು. ಲೆಕ್ಕ ಬರೆಯೋ ಗುಮಾಸ್ತನ ಮೇಜಿಗೆ ಬರಲೇ ಇಲ್ಲ. ಮಾರಾಟಕ್ಕೆ ಅಂತ ತಯಾರಾದದ್ದು ಸುಮಾರು ಇಪ್ಪತ್ತು. ಯಾರ ಕಷ್ಟ ನೋಡಿ ಕಟ್ಟಿದನೋ ಅಂಥವರಿಗೇ ಅದು ದಕ್ಕಲಿಲ್ಲ.

ಗಾಳಿಗೂ ತೂಕ ಇದೆ

ಯಂತ್ರದ ಗೋಜಿನ ನಡುವೆಯೇ ಆತನ ಕಣ್ಣು ಗಾಳಿಯ ಕಡೆ ತಿರುಗಿತು. ಗಾಳಿಗೆ ತೂಕ ಇದ್ದರೆ ಬೆಟ್ಟದ ಮೇಲೆ ಅದು ಕಮ್ಮಿ ಇರಬೇಕು. ಕಾಯಿಲೆಯ ಪ್ಯಾಸ್ಕಲ್‌ಗೆ ಬೆಟ್ಟ ಹತ್ತೋ ಶಕ್ತಿ ಇರಲಿಲ್ಲ, 1647ರ ಹೊತ್ತಿಗೆ ಊರುಗೋಲು ಹಿಡಿದೇ ಓಡಾಡ್ತಿದ್ದ. ಹುಟ್ಟೂರಿನ ಹತ್ತಿರದ ಪ್ವಿ ದ ಡೋಮ್ ಬೆಟ್ಟಕ್ಕೆ ಅಕ್ಕನ ಗಂಡ ಫ್ಲೋರಾಂ ಪೆರಿಯೆ 1648ರ ಸೆಪ್ಟೆಂಬರ್ 19ರಂದು ಪಾದರಸದ ಕೊಳವೆ ಹಿಡಿದು ಹತ್ತಿದರು. ಬೆಟ್ಟದ ಬುಡದಲ್ಲಿ ಇದ್ದದ್ದಕ್ಕಿಂತ ತುದಿಯಲ್ಲಿ ಪಾದರಸ ಸುಮಾರು ಎಂಟು ಸೆಂಟಿಮೀಟರ್ ಇಳಿದಿತ್ತು.

ಇವತ್ತು ಗಾಳಿಯ ಒತ್ತಡ ಅಳೆಯೋ ಮಾನದ ಹೆಸರೇ ಪ್ಯಾಸ್ಕಲ್. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅನ್ನೋ ಸುದ್ದಿ ಕೇಳಿ ಮಳೆ ಕಮ್ಮಿಯ ನಮ್ಮ ತಾಲ್ಲೂಕಿನವರು ಆಕಾಶ ನೋಡ್ತೀವಲ್ಲ, ಆ ಕುಸಿತವನ್ನ ಹವಾಮಾನ ಇಲಾಖೆ ಅಳೆಯೋದು ಹೆಕ್ಟೋಪ್ಯಾಸ್ಕಲ್ ಲೆಕ್ಕದಲ್ಲೇ. ಶೇಂಗಾ ತುಂಬಿದ ಟ್ರಾಕ್ಟರ್ ಟ್ರೇಲರ್ ಎಣ್ಣೆ ಒತ್ತಡದಲ್ಲಿ ಮೇಲೆದ್ದು ಮಾಲು ಸುರಿಯುತ್ತಲ್ಲ, ಅದರ ಹಿಂದೆಯೂ ಆತ ಹೇಳಿದ ದ್ರವದ ನಿಯಮವೇ ಇದೆ.

1654ರಲ್ಲಿ ಜೂಜಿನ ಆಟ ಅರ್ಧಕ್ಕೆ ನಿಂತರೆ ಪಣದ ದುಡ್ಡು ಹಂಚೋದು ಹೇಗೆ ಅನ್ನೋ ಪ್ರಶ್ನೆ ಹಿಡಿದು ಗಣಿತಜ್ಞ ಫರ್ಮಾ ಜೊತೆ ಪತ್ರ ವ್ಯವಹಾರ ನಡೆಸಿದ. ಸಂಭವನೀಯತೆಯ ಗಣಿತ ಅಲ್ಲಿಂದ ಬೆಳೆಯಿತು. ಪ್ಯಾಸ್ಕಲ್ ತ್ರಿಕೋನ ಅಂತ ಪಾಠದಲ್ಲಿ ಬರೋದು ನಮ್ಮ ಛಂದಸ್ಸಿನವರು ಅದಕ್ಕೂ ಎಷ್ಟೋ ಮೊದಲೇ ಮೇರು ಪ್ರಸ್ತಾರ ಅಂತ ಬಿಡಿಸಿದ್ದೇ.

ಕೋಟಿನೊಳಗೆ ಹೊಲಿದ ಚೀಟಿ

ಬುದ್ಧಿವಂತನಾದರೂ ಮನೆಮಂದಿ ಜೊತೆ ಯಾವಾಗಲೂ ದೊಡ್ಡತನ ತೋರಿದವನಲ್ಲ. 1651ರಲ್ಲಿ ತಂದೆ ತೀರಿಕೊಂಡರು. ತಂಗಿ ಜಾಕ್ಲಿನ್ ಸನ್ಯಾಸಿನಿಯಾಗಿ ಪೋರ್ಟ್ ರಾಯಲ್ ಮಠ ಸೇರೋಕೆ ಹೊರಟಾಗ ಅಡ್ಡ ಬಂದ. ತನ್ನ ಪಾಲಿನ ಆಸ್ತಿಯನ್ನ ಮಠಕ್ಕೆ ಕೊಡ್ತೀನಿ ಅಂತ ಆಕೆ ಹೇಳಿದಾಗಲೂ ಜಗ್ಗಾಡಿದ. ಕೊನೆಗೆ ಮಣಿದ. ಆ ನೋವು ಇಬ್ಬರಿಗೂ ಉಳಿಯಿತು.

1654ರ ನವೆಂಬರ್ 23ರ ರಾತ್ರಿ ಎರಡು ಗಂಟೆ ಹೊತ್ತು ಆತನಿಗೆ ಏನೋ ಒಂದು ದೈವಾನುಭವ ಆಯಿತು. ಅದನ್ನ ಒಂದು ಕಾಗದದಲ್ಲಿ ಬರೆದು ಕೋಟಿನ ಒಳಗೆ ಹೊಲಿದುಕೊಂಡ. ಕೋಟು ಬದಲಾದಾಗಲೆಲ್ಲ ಬಿಚ್ಚಿ ಮತ್ತೆ ಹೊಲಿದ. ಯಾರಿಗೂ ಹೇಳಲಿಲ್ಲ. ಸತ್ತ ಮೇಲೆ ಬಟ್ಟೆ ತಡವಿದ ಆಳಿಗೆ ಅದು ಸಿಕ್ಕಿತು. ಆಮೇಲಿನ ವರ್ಷಗಳಲ್ಲಿ ಆತ ಬರೆದದ್ದು ಹೆಚ್ಚಾಗಿ ಧರ್ಮ ಮತ್ತು ಮನುಷ್ಯನ ಮೇಲೆ. ಬೇರೆ ಹೆಸರಿಟ್ಟುಕೊಂಡು ಬರೆದ ಹದಿನೆಂಟು ಪತ್ರಗಳು ಚರ್ಚಿನ ದೊಡ್ಡವರನ್ನ ಕೆಣಕಿದವು. ಬಿಡಿ ಚೀಟಿಗಳಲ್ಲಿ ಬರೆದಿಟ್ಟ ಚಿಂತನೆಗಳು ಪುಸ್ತಕವಾಗಿ ಬಂದದ್ದು 1670ರಲ್ಲಿ, ಆತ ಹೋಗಿ ಎಂಟು ವರ್ಷಕ್ಕೆ.

ಐದು ಸೋಲ್‌ನ ಬಂಡಿ

ಕೊನೆಯ ವರ್ಷ ಆತ ಮಾಡಿದ ಕೆಲಸ ನಮ್ಮಂಥ ಊರಿನವರಿಗೆ ಎಲ್ಲಕ್ಕಿಂತ ಹತ್ತಿರದ್ದು. ಪ್ಯಾರಿಸ್‌ನಲ್ಲಿ ಸಾರೋಟು ಇದ್ದದ್ದು ಸಿರಿವಂತರಿಗೆ, ಉಳಿದವರಿಗೆ ಕಾಲೇ ಗತಿ. ಪ್ಯಾಸ್ಕಲ್ ಗೆಳೆಯರ ಜೊತೆ ಸೇರಿ ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ, ಜನ ತುಂಬಲಿ ಬಿಡಲಿ ಹೊರಡೋ ಬಂಡಿಗಳ ಯೋಜನೆ ಮಾಡಿದ. 1662ರ ಮಾರ್ಚ್ 18ರಂದು ಮೊದಲ ಮಾರ್ಗ ಶುರುವಾಯಿತು. ಟಿಕೆಟ್ 5 ಸೋಲ್. ಲೆಕ್ಕ ಹಾಕಿ: ಆತನ ಯಂತ್ರ ಒಂದರ ಬೆಲೆಯಲ್ಲಿ ಈ ಬಂಡಿಯಲ್ಲಿ 400 ಸಲ ಓಡಾಡಬಹುದಿತ್ತು. ನಾವು ದಿನಾ ಹತ್ತೋ ಬಸ್ಸಿಗೆ ಮುತ್ತಾತ ಇದು.

ಇಲ್ಲೂ ಒಂದು ಕೊಕ್ಕೆ ಬಿತ್ತು. ಸೈನಿಕರು, ಆಳುಗಳು, ಕೂಲಿಯವರು ಹತ್ತಬಾರದು ಅಂತ ಪ್ಯಾರಿಸ್‌ನ ನ್ಯಾಯಸಭೆ ತಡೆ ಹಾಕಿತು. ಯಾರಿಗೆ ಬೇಕಿತ್ತೋ ಅವರನ್ನೇ ಮತ್ತೆ ಕೆಳಗೆ ಇಳಿಸಿದರು. ಬಂಡಿ ವ್ಯವಸ್ಥೆ ಹೆಚ್ಚು ಕಾಲ ಬಾಳಲಿಲ್ಲ. ಪ್ಯಾಸ್ಕಲ್ ಮಾತ್ರ ಅದರಿಂದ ಬರೋ ತನ್ನ ಪಾಲನ್ನ ಮುಂಗಡವಾಗಿ ಪಡೆದು ಬ್ಲೋವಾ ಸೀಮೆಯ ಬಡವರಿಗೆ ಕಳಿಸೋಕೆ ಒದ್ದಾಡಿದ.

ಆತನ ಮನೆಯಲ್ಲಿ ಒಂದು ಬಡ ಸಂಸಾರಕ್ಕೆ ಜಾಗ ಕೊಟ್ಟಿದ್ದ. ಅವರ ಮಗುವಿಗೆ ಸಿಡುಬು ಎದ್ದಿತು. ಆತನ ಆರೈಕೆಗೆ ಬಂದು ಹೋಗೋ ಅಕ್ಕನಿಂದ ಅವಳ ಮಕ್ಕಳಿಗೆ ರೋಗ ಹರಡಬಹುದಿತ್ತು. ಕಾಯಿಲೆ ಮಗುವನ್ನ ಹೊರಗೆ ಹಾಕೋದು ಆತನಿಗೆ ಒಪ್ಪಲಿಲ್ಲ. ತಾನೇ ಎದ್ದು ಅಕ್ಕನ ಮನೆಗೆ ಹೋದ. ಅಲ್ಲೇ 1662ರ ಆಗಸ್ಟ್ 19ರಂದು ತೀರಿಕೊಂಡ. ವಯಸ್ಸು 39.

ಹೆಸರು ಮತ್ತೆ ಎದ್ದು ಬಂದದ್ದು

ಮುನ್ನೂರು ವರ್ಷ ಕಳೆದ ಮೇಲೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಿಕ್ಲಾಸ್ ವಿರ್ತ್ ಅನ್ನೋ ಮೇಷ್ಟ್ರು ವಿದ್ಯಾರ್ಥಿಗಳಿಗೆ ಪ್ರೋಗ್ರಾಂ ಕಲಿಸೋಕೆ ಒಂದು ಹೊಸ ಭಾಷೆ ಕಟ್ಟಿದರು. 1970ರಲ್ಲಿ ಅದನ್ನ ಪ್ರಕಟಿಸಿ, ಲೆಕ್ಕದ ಯಂತ್ರ ಕಟ್ಟಿದವನ ಹೆಸರಿಟ್ಟರು. 1983ರಲ್ಲಿ ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್ 50 ಡಾಲರ್ ಒಳಗಿನ ಬೆಲೆಗೆ ಬಂದು ಸಣ್ಣ ಕಂಪ್ಯೂಟರ್‌ಗಳಲ್ಲೆಲ್ಲ ಹರಡಿತು. ನಮ್ಮ ರಾಜ್ಯದಲ್ಲಿ 1990ರ ದಶಕದಲ್ಲಿ ಕಂಪ್ಯೂಟರ್ ಓದಿದ ಹಲವರಿಗೆ ಅದರ ನೀಲಿ ಪರದೆ ಇನ್ನೂ ನೆನಪಿರಬಹುದು.

ಆದರೆ ಅದು ಕಂಪನಿಯ ಸ್ವತ್ತು. 1993ರಲ್ಲಿ ಜರ್ಮನಿಯ ವಿದ್ಯಾರ್ಥಿ ಫ್ಲೋರಿಯಾನ್ ಕ್ಲೆಂಪ್ಫ್ಲ್ ತಾನೇ ಒಂದು ಕಂಪೈಲರ್ ಬರೆಯೋಕೆ ಶುರು ಮಾಡಿದರು. ಕಂಪೈಲರ್ ಅಂದ್ರೆ ನಾವು ಬರೆದದ್ದನ್ನ ಯಂತ್ರಕ್ಕೆ ತಿಳಿಯೋ ಹಾಗೆ ಬದಲಿಸೋ ಸಾಧನ. ಊರೂರಿನ ಪ್ರೋಗ್ರಾಮರ್‌ಗಳು ಕೈಜೋಡಿಸಿ ಅದು ಫ್ರೀ ಪ್ಯಾಸ್ಕಲ್ ಆಯಿತು. 1999ರಲ್ಲಿ ಅದರ ಜೊತೆಗೆ ಲಜಾರಸ್ ಶುರುವಾಯಿತು. ಕಿಟಕಿ, ಬಟನ್, ಪಟ್ಟಿಗಳನ್ನ ಎಳೆದು ಇಟ್ಟು ಪ್ರೋಗ್ರಾಂ ಕಟ್ಟೋ ಅಂಗಳ ಅದು. ಎರಡರ ಒಳಗಿನ ಬರಹವೂ ಎಲ್ಲರಿಗೂ ತೆರೆದಿದೆ. ಓದಬಹುದು, ತಿದ್ದಬಹುದು, ಹಂಚಬಹುದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತೆ, ಹಳೆ ಕಂಪ್ಯೂಟರ್‌ಗೂ ಭಾರವಲ್ಲ. ಒಂದು ಸಲ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಇಲ್ಲದೆಯೂ ಕೆಲಸ ನಡೆಯುತ್ತೆ. ಬಟನ್ ಮೇಲೆ ಕನ್ನಡದಲ್ಲೇ ಬರೆಯಬಹುದು.

ಇದನ್ನ ಕಲಿತ ಮಾತ್ರಕ್ಕೆ ಕೆಲಸ ಸಿಗುತ್ತೆ ಅಂತ ಹೇಳೋದು ಸುಳ್ಳಾಗುತ್ತೆ. ಕಂಪನಿಗಳು ಇವತ್ತು ಕೇಳೋದು ಹೆಚ್ಚಾಗಿ ಪೈಥಾನ್, ಜಾವಾ. ಪ್ಯಾಸ್ಕಲ್ ಕಲಿಸೋದು ಶಿಸ್ತು. ಯಾವ ಡಬ್ಬಿಯಲ್ಲಿ ಏನಿಡ್ತೀಯ ಅಂತ ಮೊದಲೇ ಹೇಳು ಅನ್ನುತ್ತೆ. ಪೈ ಅನ್ನೋ ಜಾಗದಲ್ಲಿ 0..11 ಮಾತ್ರ, ಆಣೆ ಜಾಗದಲ್ಲಿ 0..15 ಮಾತ್ರ ಅಂತ ಈ ಭಾಷೆಯಲ್ಲಿ ಗೆರೆ ಹಾಕಬಹುದು. ಎಲ್ಲೆ ತಪಾಸಣೆ ಆನ್ ಮಾಡಿಟ್ಟರೆ, 12 ಇಡೋಕೆ ಹೋದಾಗ ಪ್ರೋಗ್ರಾಂ ಅಲ್ಲೇ ನಿಂತು ತಪ್ಪು ತೋರಿಸುತ್ತೆ. ಪ್ಯಾಸ್ಕಲ್ ತನ್ನ ಚಕ್ರಕ್ಕೆ ಹನ್ನೆರಡೇ ಮನೆ ಕೊರೆದದ್ದೂ ಇದಕ್ಕೇ ಅಲ್ವಾ?

ಮಾಡಿ ನೋಡೋಕೆ ಒಂದು ಲೆಕ್ಕ ಇಲ್ಲಿದೆ. 3 ರೂಪಾಯಿ 14 ಆಣೆ 9 ಪೈಗೆ 2 ರೂಪಾಯಿ 5 ಆಣೆ 7 ಪೈ ಕೂಡಬೇಕು. ಪೈ ಒಟ್ಟು 16. ಅದನ್ನ 12ರಿಂದ ಭಾಗಿಸಿದರೆ ಬರೋ 1 ಆಣೆಗೆ ಹೋಗುತ್ತೆ, ಶೇಷ 4 ಪೈ ಉಳಿಯುತ್ತೆ. ಆಣೆ 14, 5 ಮತ್ತು ಬಂದ 1 ಸೇರಿ 20. 16ರಿಂದ ಭಾಗಿಸಿದರೆ 1 ರೂಪಾಯಿಗೆ, ಉಳಿದದ್ದು 4 ಆಣೆ. ರೂಪಾಯಿ 3, 2, 1 ಸೇರಿ 6. ಉತ್ತರ 6 ರೂಪಾಯಿ 4 ಆಣೆ 4 ಪೈ. ಪ್ಯಾಸ್ಕಲ್ ಭಾಷೆಯಲ್ಲಿ ಭಾಗಲಬ್ಧಕ್ಕೆ ಡಿವ್, ಶೇಷಕ್ಕೆ ಮಾಡ್ ಅಂತ ಎರಡು ಪದ ಇವೆ. ಅವೆರಡನ್ನೇ ಹಿಡಿದು ಇಡೀ ಪೆಟ್ಟಿಗೆಯನ್ನ ಹತ್ತು ಹದಿನೈದು ಸಾಲಿನಲ್ಲಿ ಕಟ್ಟಬಹುದು. ಮೂರು ವರ್ಷ, ಐವತ್ತು ಮಾದರಿ, ನೂರು ಲೀವ್ರ ಹಿಡಿದ ಕೆಲಸ ಈಗ ಒಂದು ಸಂಜೆಯದ್ದು.

ಕುದಾಪುರದ ಕಡೆ ಐಐಎಸ್ಸಿ, ಡಿಆರ್‌ಡಿಒ ಬಂದು ಚಳ್ಳಕೆರೆಗೆ ವಿಜ್ಞಾನ ನಗರಿ ಅನ್ನೋ ಹೆಸರು ಬಂದಿದೆ. ಬೇಲಿಯ ಆ ಕಡೆ ದೊಡ್ಡ ಯಂತ್ರಗಳಿವೆ. ಬೇಲಿಯ ಈ ಕಡೆ, ವೇದಾವತಿ ದಂಡೆಯ ನಮ್ಮ ಹಳ್ಳಿಗಳಲ್ಲಿ, ಅಣ್ಣನ ಹಳೆ ಲ್ಯಾಪ್‌ಟಾಪ್ ಒಂದು ಇದ್ದರೂ ಸಾಕು, ಶುರು ಮಾಡೋಕೆ ಯಾರ ಅಪ್ಪಣೆಯೂ ಬೇಡ, ಯಾವ ಬೆಲೆಯೂ ಇಲ್ಲ. ಪ್ರೋಗ್ರಾಂ ಬರೆದ ಮೇಲೆ ಉತ್ತರ ಸರಿಯೋ ತಪ್ಪೋ ಅಂತ ನೋಡೋಕೆ ಮನೆಯ ಅಜ್ಜನ ಹತ್ತಿರ ಹೋಗಿ. ಆಣೆ-ಪೈ ಲೆಕ್ಕ ಕೊಟ್ಟರೆ, ನೀವು ಎಂಟರ್ ಒತ್ತೋದ್ರೊಳಗೆ ಅವರು ಬಾಯಲ್ಲೇ ಹೇಳಿಬಿಡಬಹುದು.